ಹೊಳೆಬದಿಯ ಊರಿಗೆ ಕುಡಿಯುವ ನೀರು: ಕಿಂಡಿ ಅಣೆಕಟ್ಟು, ಮರಳಬಾವಿ, ಅಬ್ಬಿ, ಬೋರ್‌ವೆಲ್, ಬಹುಗ್ರಾಮ – ಯಾರಿಗೆ ಯಾವುದು?

ಕರಾವಳಿ ಮತ್ತು ಘಟ್ಟದ ತಪ್ಪಲಿನ ಊರುಗಳಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಅದೇ ಊರಿಗೆ ಏಪ್ರಿಲ್‌ನಲ್ಲಿ ಪಂಚಾಯಿತಿಯ ಟ್ಯಾಂಕರ್ ಬರುತ್ತದೆ. ಫೆಬ್ರವರಿಯ ಗ್ರಾಮಸಭೆಯಲ್ಲಿ ಒಬ್ಬರು ಎದ್ದು ಹೊಳೆಗೆ ಕಿಂಡಿ ಅಣೆಕಟ್ಟು ಕಟ್ಟಿ ಅನ್ನುತ್ತಾರೆ. ದೇವರ ಗುಂಡಿಯ ಮೀನು ಸಾಯುತ್ತದೆ, ಹೊಳೆ ಮುಟ್ಟಬೇಡಿ ಅನ್ನುವವರು ಇನ್ನೊಬ್ಬರು. ಇದೆಲ್ಲ ಯಾಕೆ, ಎರಡು ಬೋರ್ ಹೊಡೆಸಿ ಮುಗಿಸಿ ಅನ್ನುವವರು ಹಿಂದಿನ ಸಾಲಲ್ಲಿ ಕೂತಿರುತ್ತಾರೆ. ದೂರದ ನದಿಯಿಂದ ಹಲವು ಊರಿಗೆ ನೀರು ತರುವ ಬಹುಗ್ರಾಮ ಯೋಜನೆಯ ಪೈಪು ಹೇಗೂ ಬರುತ್ತದಲ್ಲ, ಅಲ್ಲಿಯವರೆಗೆ ಸುಮ್ಮನಿರೋಣ ಅನ್ನುವವರೇ ಕೊನೆಗೆ ಗೆಲ್ಲುವುದು ಹೆಚ್ಚು. ಇಂಥ ಸಭೆಗೆ ಹೋಗುವ ಮುಂಚೆ ಓದಿಕೊಳ್ಳಲಿ ಎಂದು ಈ ಹೋಲಿಕೆ.

ಆಯ್ಕೆಗಳ ಗುಣದೋಷಕ್ಕೆ ಹೋಗುವ ಮೊದಲು ಒಂದು ಲೆಕ್ಕ ಹಾಕಿಬಿಡೋಣ. ಇದಿಲ್ಲದೆ ನಡೆಯುವ ಚರ್ಚೆಯೆಲ್ಲ ಗಾಳಿಗೆ ಗುದ್ದಿದಂತೆ.

ಜಲಜೀವನ್ ಮಿಷನ್ ಪ್ರಕಾರ ಹಳ್ಳಿಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕು. 300 ಮನೆ, ಮನೆಗೆ ಐದು ಜನ ಎಂದರೆ 1,500 ಜನ. ದಿನಕ್ಕೆ 82,500 ಲೀಟರ್. ದೊಡ್ಡ ಸಂಖ್ಯೆ ಅನಿಸುತ್ತದೆ. ಆದರೆ ಸೆಕೆಂಡಿಗೆ ಒಂದೇ ಲೀಟರ್ ಹರಿಯುವ ಒರತೆಯಲ್ಲೂ ಹಗಲು ರಾತ್ರಿ ಸೇರಿದರೆ 86,400 ಲೀಟರ್ ಬರುತ್ತದೆ. ಅಂದರೆ ಇಡೀ ಊರಿನ ಕುಡಿಯುವ, ಅಡುಗೆಯ, ಸ್ನಾನದ ನೀರು ಸೆಕೆಂಡಿಗೆ ಒಂದು ಲೀಟರ್‌ಗಿಂತ ಕಡಿಮೆ. ಹೊಳೆದಂಡೆಯ ತೋಟದಲ್ಲಿ ಮೂವತ್ತು ಮೀಟರ್ ಎತ್ತರಕ್ಕೆ ನೀರೆತ್ತುವ ಒಂದು 5 ಎಚ್‌ಪಿ ಪಂಪು ಓಡುವಾಗ ಸೆಕೆಂಡಿಗೆ ಸುಮಾರು ಆರು ಲೀಟರ್ ಎಳೆಯುತ್ತದೆ. ಎಕರೆಗೆ 550 ಅಡಿಕೆ ಮರ, ಮರಕ್ಕೆ ಹನಿ ನೀರಾವರಿಯಲ್ಲಿ ದಿನಕ್ಕೆ 20 ಲೀಟರ್ ಎಂದು ಹಿಡಿದರೆ ಏಳೂವರೆ ಎಕರೆ ತೋಟಕ್ಕೆ ಬೇಕಾದಷ್ಟು ನೀರಿನಲ್ಲಿ ಊರಿಗೂರೇ ಬದುಕುತ್ತದೆ. ಸ್ಪ್ರಿಂಕ್ಲರ್ ಇಟ್ಟರಂತೂ ಇನ್ನೂ ಕಡಿಮೆ ತೋಟ ಸಾಕು.

ಇದನ್ನು ತೋಟದವರ ಮೇಲೆ ದೂರು ಹೇಳಲು ಬರೆಯುತ್ತಿಲ್ಲ. ಹತ್ತು ಎಚ್‌ಪಿವರೆಗಿನ ಪಂಪಿಗೆ ಸರ್ಕಾರವೇ ಉಚಿತ ವಿದ್ಯುತ್ ಕೊಡುವಾಗ ಯಾರಾದರೂ ಪಂಪು ಹಾಕುತ್ತಾರೆ. ನಾನು ಹೇಳುವುದು ಇಷ್ಟೇ: ಹಳ್ಳಿಯ ಮಟ್ಟಿಗೆ ಹೊಳೆಯೋ ಕುಡಿಯುವ ನೀರೋ ಎಂಬ ಜಗಳಕ್ಕೆ ಅರ್ಥವೇ ಇಲ್ಲ. ಕುಡಿಯುವ ನೀರು ಹೊಳೆಯನ್ನು ಒಣಗಿಸುವುದಿಲ್ಲ. ಯಾವ ತಿಂಗಳು, ಯಾವ ಜಾಗದಿಂದ ಎತ್ತುತ್ತೇವೆ, ಮಳೆಗಾಲದ ನೀರನ್ನು ಬೇಸಿಗೆಗೆ ಎಲ್ಲಿ ಇಡುತ್ತೇವೆ ಎನ್ನುವುದರಲ್ಲಿ ಹೊಳೆಯ ಹಣೆಬರಹ ಇದೆ. ಪಟ್ಟಣದ ಲೆಕ್ಕ ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ಅಳೆಯಬೇಕಾದ್ದು ಏನೇನು

ಮೊದಲನೆಯದು ಹೊಳೆಯ ಏಪ್ರಿಲ್ ಕೊನೆಯ ಹರಿವು. ಜನವರಿಯಲ್ಲಿ ನೋಡಿ ಬಂದು ಹೊಳೆಯಲ್ಲಿ ಬೇಕಾದಷ್ಟು ನೀರಿದೆ ಅನ್ನುವ ಎಂಜಿನಿಯರ್ ವರದಿಯನ್ನು ನಂಬಬೇಡಿ. ಅಳೆಯಲು ಯಂತ್ರ ಬೇಡ. ಹೊಳೆ ನೇರವಾಗಿ ಹರಿಯುವ ಕಡೆ ಹತ್ತು ಮೀಟರ್ ಗುರುತು ಮಾಡಿ, ಸಿಪ್ಪೆ ಸಮೇತದ ಒಣ ತೆಂಗಿನಕಾಯಿ ತೇಲಿಬಿಟ್ಟು ಸಮಯ ನೋಡಿ. ಅಗಲ ಎರಡು ಮೀಟರ್, ಸರಾಸರಿ ಆಳ ಹದಿನೈದು ಸೆಂಟಿಮೀಟರ್, ಕಾಯಿ ನಲವತ್ತು ಸೆಕೆಂಡಿನಲ್ಲಿ ದಾಟಿತು ಎಂದುಕೊಳ್ಳಿ. ಅಗಲ, ಆಳ, ವೇಗ ಗುಣಿಸಿ ಮೂರನೇ ಒಂದು ಪಾಲು ಕಳೆದರೆ (ತಳದಲ್ಲಿ ನೀರು ನಿಧಾನ, ಅದಕ್ಕೆ) ಸೆಕೆಂಡಿಗೆ ಐವತ್ತು ಲೀಟರ್ ಬರುತ್ತದೆ. ಸಣ್ಣ ತೋಡಾದರೆ ಕಲ್ಲು ಮಣ್ಣು ಒತ್ತಿ ಒಂದು ಪೈಪಿಗೆ ತಿರುಗಿಸಿ ಕೊಡ ತುಂಬಲು ಎಷ್ಟು ಸೆಕೆಂಡ್ ಎಂದು ಎಣಿಸಿದರೂ ಆಯಿತು. ಬೆಳಗ್ಗೆ ಪಂಪುಗಳು ಶುರುವಾಗುವ ಮುಂಚೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆಯಿರಿ. ಎರಡರ ನಡುವಿನ ವ್ಯತ್ಯಾಸ ಊರಿಗೆ ಬಹಳ ಹೇಳುತ್ತದೆ.

ಎರಡನೆಯದು ಕೆಳಗೆ ಯಾರಿದ್ದಾರೆ ಎಂಬುದು. ಇನ್ನೊಂದು ಊರಿನ ಜಾಕ್‌ವೆಲ್ (ಹೊಳೆಯಿಂದ ಪಂಪಿನಲ್ಲಿ ನೀರೆತ್ತುವ ಬಾವಿ) ಇದೆಯೇ, ಮೀನಿನ ಮಡು ಇದೆಯೇ, ಹೊಳೆ ಕಡಲು ಸೇರುವ ಅಳಿವೆ ಎಷ್ಟು ದೂರ? ಧರ್ಮಸ್ಥಳದ ನೇತ್ರಾವತಿ, ಶಿಶಿಲದ ಕಪಿಲಾ, ಸುಬ್ರಹ್ಮಣ್ಯದ ಕುಮಾರಧಾರಾ, ಶೃಂಗೇರಿಯ ತುಂಗೆ – ದೇವರ ಮೀನುಗಳು ಬೇಸಿಗೆ ಕಳೆಯುವುದು ಆಳದ ಗುಂಡಿಗಳಲ್ಲಿ. ಅಘನಾಶಿನಿಯ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕಿ ಬದುಕುವ ಕುಟುಂಬಗಳಿಗೆ ಮೇಲಿನಿಂದ ಬರುವ ಸಿಹಿನೀರೇ ಆಧಾರ; ಉಪ್ಪಿನ ಹದ ಕೆಟ್ಟರೆ ಬಳಚು ಇಲ್ಲ.

ಮೂರನೆಯದು ನೀರಿನ ಗುಣ: ಕೆಸರು, ಕಬ್ಬಿಣ, ಉಪ್ಪು, ಮಲದ ರೋಗಾಣು. ನಾಲ್ಕನೆಯದು ಖರ್ಚು, ಅದೂ ಎರಡು ಬಗೆಯದು. ಕಟ್ಟುವ ಖರ್ಚಿಗೆ ಸರ್ಕಾರದ ದುಡ್ಡು ಬರುತ್ತದೆ. ಜಲಜೀವನ್‌ನಲ್ಲಿ ಊರೊಳಗಿನ ಕಾಮಗಾರಿಗೆ ಜನರ ಪಾಲು ಶೇಕಡಾ 10, ಗುಡ್ಡಗಾಡು, ಅರಣ್ಯ ಪ್ರದೇಶಗಳಲ್ಲಿ ಮತ್ತು ಪರಿಶಿಷ್ಟರೇ ಹೆಚ್ಚಿರುವ ಊರುಗಳಲ್ಲಿ 5. ತಿಂಗಳ ಕರೆಂಟು ಬಿಲ್ಲು ಮಾತ್ರ ಪಂಚಾಯಿತಿಯದೇ. ಮೇಲಿನ 82,500 ಲೀಟರನ್ನು ನಲವತ್ತು ಮೀಟರ್ ಎತ್ತಲು ಸಾಧಾರಣ ಪಂಪಿಗೆ ದಿನಕ್ಕೆ 18 ಯೂನಿಟ್ ಬೇಕು, ತಿಂಗಳಿಗೆ 540. ಎತ್ತರ ದುಪ್ಪಟ್ಟಾದರೆ ಬಿಲ್ಲೂ ದುಪ್ಪಟ್ಟು. ಐದನೆಯದು, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಇದನ್ನು ನೋಡಿಕೊಳ್ಳುವವರು ಯಾರು? ನೀರುಗಂಟಿಗೆ ಸಂಬಳ ಸರಿಯಾಗಿ ಹೋಗದ ಊರಲ್ಲಿ ಯಾವ ಯೋಜನೆಯೂ ಮೂರನೇ ಬೇಸಿಗೆ ಕಾಣುವುದಿಲ್ಲ.

ಕಿಂಡಿ ಅಣೆಕಟ್ಟು

ಎಲ್ಲರ ಬಾಯಲ್ಲೂ ಮೊದಲು ಬರುವುದು ಇದೇ. ಕಾಂಕ್ರೀಟಿನ ಕಂಬಗಳ ನಡುವಿನ ಕಿಂಡಿಗಳಿಗೆ ಮಳೆ ಹಿಂದೆ ಸರಿದ ಮೇಲೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ ನೀರು ನಿಲ್ಲಿಸುವುದು. ಮುಂಗಾರಿಗೆ ಮೊದಲು ಹಲಗೆ ತೆಗೆಯುವುದು. ದೊಡ್ಡ ಅಣೆಕಟ್ಟಿನಂತೆ ಕಾಡು, ಊರು ಮುಳುಗುವುದಿಲ್ಲ. ಮಳೆಗಾಲದಲ್ಲಿ ಹೊಳೆ ತನ್ನ ಪಾಡಿಗೆ ಹರಿಯುತ್ತದೆ, ಹೂಳು ಕೊಚ್ಚಿಹೋಗುತ್ತದೆ. ಎರಡೂ ದಂಡೆಯ ಬಾವಿಗಳಲ್ಲಿ ನೀರಿನ ಮಟ್ಟ ಏರುವುದು ಇದರ ನಿಜವಾದ ಲಾಭ. ಮನೆಮನೆಗೂ ಬಾವಿ ಇರುವ ಕರಾವಳಿಯಲ್ಲಿ ಅದು ಸಣ್ಣ ಲಾಭವಲ್ಲ. ಸಮುದ್ರಕ್ಕೆ ಹತ್ತಿರದಲ್ಲಿ ಭರತದ (ಕಡಲ ಉಬ್ಬರದ) ಉಪ್ಪುನೀರು ಮೇಲೇರದಂತೆ ತಡೆಯುವುದೂ ಇದೇ. ಪಶ್ಚಿಮ ವಾಹಿನಿ ಯೋಜನೆಯಲ್ಲಿ ಸರ್ಕಾರ ಕರಾವಳಿಯುದ್ದಕ್ಕೂ ಇವನ್ನು ಕಟ್ಟಿಸುತ್ತಿರುವುದು ಇದೇ ಕಾರಣಕ್ಕೆ.

ಈಗ ಲೆಕ್ಕ. ನಲವತ್ತು ಮೀಟರ್ ಅಗಲದ ಹೊಳೆಯಲ್ಲಿ ಒಂದು ಕಿಲೋಮೀಟರ್ ಉದ್ದಕ್ಕೆ ಸರಾಸರಿ ಒಂದು ಮೀಟರ್ ನೀರು ನಿಂತರೆ ನಾಲ್ಕು ಕೋಟಿ ಲೀಟರ್. ನಮ್ಮ 300 ಮನೆಗೆ ಅದು ವರ್ಷಕ್ಕೂ ಮಿಕ್ಕಿ ಸಾಲುತ್ತದೆ. ಬೇಸಿಗೆಯ ಬಿಸಿಲಿಗೆ ದಿನಕ್ಕೆ ನಾಲ್ಕೈದು ಮಿಲಿಮೀಟರ್ ಆರಿದರೂ ಅಷ್ಟು ಹರವಿನಿಂದ ದಿನಕ್ಕೆ ಒಂದೂವರೆ-ಎರಡು ಲಕ್ಷ ಲೀಟರ್ ಹೋಗುತ್ತದೆ, ಊರು ಕುಡಿಯುವುದರ ಎರಡರಷ್ಟು! ಹಾಗಾದರೆ ಈ ಅಣೆಕಟ್ಟು ಕುಡಿಯುವ ನೀರಿಗಲ್ಲ, ತೋಟಕ್ಕೆ ಮತ್ತು ಅಂತರ್ಜಲಕ್ಕೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಅರ್ಜಿಯಲ್ಲಿ ಕುಡಿಯುವ ನೀರು ಎಂದು ಬರೆದು ಕಡತ ಮುಂದೆ ತಳ್ಳುವ ಬದಲು ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಪಂಪುಗಳ ಸಮಯ ನಿಗದಿ ಮಾಡುವ ಮಾತೂ ಅಲ್ಲೇ ಆಗುತ್ತದೆ. ಇಲ್ಲವಾದರೆ ಏನಾಗುತ್ತದೆಂದು ಗೊತ್ತೇ ಇದೆ: ಹಿನ್ನೀರಿಗೆ ಹೊಸ ಪಂಪುಗಳು ಇಳಿಯುತ್ತವೆ, ಮಾರ್ಚ್ ಕೊನೆಗೆ ಜಾಕ್‌ವೆಲ್‌ಗೆ ಕೆಸರು.

ಹೊಳೆಯ ಕಡೆಯಿಂದ ನೋಡಿದರೆ ಇದರ ಹಾನಿ ಎರಡು ಸಮಯದಲ್ಲಿ. ಹಲಗೆ ಹಾಕಿದ ಮೊದಲ ವಾರಗಳಲ್ಲಿ ಹಿನ್ನೀರು ತುಂಬುವವರೆಗೆ ಕೆಳಗೆ ಹನಿ ನೀರೂ ಹೋಗದಂತೆ ಮಾಡುತ್ತಾರೆ. ಒಂದು ಕಿಂಡಿಯಲ್ಲಿ ಒಂದು ಹಲಗೆ ಕಡಿಮೆ ಇಟ್ಟರೆ ಸಾಕು, ಕೆಳಗಿನ ಗುಂಡಿಗಳು ಜೀವ ಹಿಡಿದಿರುತ್ತವೆ. ಎರಡನೆಯದು ಮೊದಲ ಮಳೆ. ಮಲೆನಾಡಿನವರು ಹತ್ತು ಮೀನು (ಹತ್ತುವ ಮೀನು) ಎನ್ನುವ, ಹೊಸನೀರಿಗೆ ಎದುರೇರಿ ಮೊಟ್ಟೆ ಇಡಲು ಹೋಗುವ ಮೀನುಗಳಿಗೆ ಹಲಗೆ ತೆಗೆಯದ ಅಣೆಕಟ್ಟು ಗೋಡೆಯಾಗುತ್ತದೆ. ಕರಾವಳಿಯಲ್ಲಿ ಪತ್ತನಾಜೆಯೊಳಗೆ, ಅಂದರೆ ಮೇ ಇಪ್ಪತ್ತನಾಲ್ಕರ ಸುಮಾರಿಗೆ, ಹಲಗೆ ಮೇಲೆ ಬರಬೇಕು. ಗುತ್ತಿಗೆದಾರ ಬರಲಿಲ್ಲ ಎಂದು ಜೂನ್ ಪ್ರವಾಹಕ್ಕೆ ಬಿಟ್ಟರೆ ಮೀನೂ ಇಲ್ಲ, ಹಲಗೆಯೂ ಇಲ್ಲ. ಕೆಲವೊಮ್ಮೆ ದಂಡೆಯೇ ಕುಸಿದು ತೋಟ ಹೋಗುತ್ತದೆ.

ಖರ್ಚು: ತೋಡಿನದಾದರೆ ಹಲವು ಲಕ್ಷ, ಹೊಳೆಯದಾದರೆ ಕೋಟಿಗಳಲ್ಲಿ. ಮರದ ಹಲಗೆ ಕೆಲವೇ ವರ್ಷಕ್ಕೆ ಲಡ್ಡಾಗುತ್ತದೆ, ಫೈಬರ್ ಹಲಗೆ ಬಾಳುತ್ತದೆ ಆದರೆ ದುಬಾರಿ. ಅಣೆಕಟ್ಟು ಕಟ್ಟಿಸಿದ ಶಾಸಕರ ಹೆಸರಿನ ಕಲ್ಲು ಎಲ್ಲ ಕಡೆ ಇದೆ. ಹಲಗೆ ಇಡಲು ಶೆಡ್ಡು ಎಷ್ಟು ಕಡೆ ಇದೆ ನೋಡಿ.

ಇದಕ್ಕೆ ಬಡವರ ರೂಪ ಒಂದಿದೆ: ಕಟ್ಟ. ಕಾಸರಗೋಡು, ಪುತ್ತೂರು ಕಡೆ ಡಿಸೆಂಬರಿನಲ್ಲಿ ಊರವರೇ ಸೇರಿ ಕಲ್ಲು, ಮಣ್ಣು, ಈಗ ಮರಳುಚೀಲ, ಪ್ಲಾಸ್ಟಿಕ್ ಹಾಳೆ ಬಳಸಿ ತೋಡಿಗೆ ಅಡ್ಡ ಕಟ್ಟುತ್ತಾರೆ. ಸಾವಿರಗಳ ಲೆಕ್ಕದಲ್ಲಿ ಮುಗಿಯುತ್ತದೆ. ಮೊದಲ ಪ್ರವಾಹಕ್ಕೆ ತಾನೇ ಕೊಚ್ಚಿಹೋಗುವುದು ಅದರ ದೋಷ ಎಂದು ಎಣಿಸುತ್ತಾರೆ. ಮೀನಿನ ಕಣ್ಣಿಗೆ ಅದೇ ಗುಣ. ಒಂದೇ ತೋಡಿಗೆ ಮೇಲಿಂದ ಕೆಳಗೆ ಸಾಲಾಗಿ ಸಣ್ಣ ಕಟ್ಟಗಳನ್ನು ಹಾಕಿದ ಕಡೆ ಸುತ್ತಲಿನ ಬಾವಿಗಳು ಚೇತರಿಸಿಕೊಳ್ಳುತ್ತವೆ. ಆದರೆ ಪ್ರತಿ ವರ್ಷ ಜನ ಕೈಜೋಡಿಸಬೇಕು, ಮಕ್ಕಳೆಲ್ಲ ಬೆಂಗಳೂರಿಗೆ ಹೋದ ಊರಲ್ಲಿ ಅದೇ ಕಷ್ಟ.

ಮರಳಬಾವಿ

ಅಣೆಕಟ್ಟಿಲ್ಲದೆ ಹೊಳೆಯಿಂದಲೇ ನೀರು ತೆಗೆಯುವ ದಾರಿ. ಹೊಳೆಯ ಮರಳಿನಲ್ಲಿ ಅಥವಾ ದಂಡೆಗೆ ತಾಗಿ ಕಾಂಕ್ರೀಟ್ ರಿಂಗಿನ ಬಾವಿ ಇಳಿಸುತ್ತಾರೆ. ಸಾಲದಿದ್ದರೆ ಮರಳಿನಡಿ ತೂತಿನ ಪೈಪು ಅಡ್ಡ ಮಲಗಿಸಿ ಬಾವಿಗೆ ಸೇರಿಸುತ್ತಾರೆ. ಮೇಲೆ ಹರಿವು ನಿಂತ ಮೇಲೂ ಮರಳಿನೊಳಗೆ ನೀರು ಸಾಗುತ್ತಿರುತ್ತದೆ. ಒಂದು ಘನ ಮೀಟರ್ ಮರಳಿನ ಎಡೆಗಳಲ್ಲಿ ಸುಮಾರು 300 ಲೀಟರ್ ನೀರು ಹಿಡಿಯುತ್ತದೆ, ಬಿಸಿಲಿಗೆ ಆರುವುದೂ ಕಡಿಮೆ. ಮರಳು ಸೋಸಿಕೊಡುವುದರಿಂದ ಮಳೆಗಾಲದ ಕೆಂಪು ನೀರು ನೇರ ಟ್ಯಾಂಕಿಗೆ ಬರುವುದಿಲ್ಲ. ಕ್ಲೋರಿನ್ ಹಾಕಿದರೆ ಬಹುಮಟ್ಟಿಗೆ ಸಾಕು, ದೊಡ್ಡ ಶುದ್ಧೀಕರಣ ಘಟಕ ಬೇಡ.

ಸೆಕೆಂಡಿಗೆ ಒಂದು ಲೀಟರ್ ಬೇಕಾದ ಊರಿಗೆ ನನ್ನ ಮೊದಲ ಮತ ಇದಕ್ಕೇ. ಹೊಳೆಯಲ್ಲಿ ಗೋಡೆ ಇಲ್ಲ, ಮೀನಿಗೆ ಅಡ್ಡಿಯಿಲ್ಲ, ಕಟ್ಟುವ ಖರ್ಚು ಕಿಂಡಿ ಅಣೆಕಟ್ಟಿನ ಸಣ್ಣ ಪಾಲು. ಆದರೆ ಇದಕ್ಕೆ ಒಂದು ಶತ್ರು ಇದೆ, ಮರಳು ಲಾರಿ. ಹೊಳೆಯ ತಳವನ್ನು ಎರಡು ಮೀಟರ್ ತೋಡಿದರೆ ನೀರಿನ ಮಟ್ಟ ಅಷ್ಟೇ ಕೆಳಗಿಳಿಯುತ್ತದೆ. ದಂಡೆಯ ಬಾವಿಗಳೂ ಜೊತೆಗೆ. ಹಾಗಾಗಿ ಮರಳಬಾವಿ ಆರಿಸುವ ಊರು ಅದರ ಮೇಲೂ ಕೆಳಗೂ ಮರಳು ಮುಟ್ಟದಂತೆ ಕಾಯುವ ಗಟ್ಟಿತನ ಇಟ್ಟುಕೊಂಡಿರಬೇಕು. ಆ ಧೈರ್ಯ ಇಲ್ಲದಿದ್ದರೆ ದುಡ್ಡು ಹಾಕಬೇಡಿ. ಬರೀ ಬಂಡೆಯ ಹೊಳೆಗೂ ಇದು ಆಗದು. ಮತ್ತೆ, ಬಾವಿಯ ನೀರು ಬೇರೆ, ಹೊಳೆಯ ನೀರು ಬೇರೆ ಎಂದು ಯಾರಾದರೂ ವಾದಿಸಿದರೆ ಒಪ್ಪಬೇಡಿ. ಹತ್ತು ಮೀಟರ್ ದೂರದ ಬಾವಿಯಿಂದ ಎತ್ತಿದ್ದು ಹೊಳೆಯದೇ ನೀರು.

ಅಬ್ಬಿ ನೀರು, ಸುರಂಗ

ಗುಡ್ಡದ ಒರತೆಯಿಂದ ತಾನೇ ಇಳಿದುಬರುವ, ಘಟ್ಟದ ಬುಡದ ಮನೆಗಳಿಗೆ ಕರೆಂಟಿನ ಹಂಗಿಲ್ಲದ ನೀರು ಇದು. ಹಿಂದೆ ಅಡಿಕೆ ಮರದ ದಂಬೆಯಲ್ಲಿ ಗುಡ್ಡದ ನೀರು ಅಂಗಳಕ್ಕೆ ಬರುತ್ತಿತ್ತು, ಈಗ ಕಪ್ಪು ಪೈಪಿನಲ್ಲಿ. ಮುರಕಲ್ಲ (ಜಂಬಿಟ್ಟಿಗೆಯ) ಗುಡ್ಡಗಳ ಕಡೆ ಅಡ್ಡ ಸುರಂಗ ಕೊರೆದು ನೀರು ಹಿಡಿಯುತ್ತಾರೆ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಎಬ್ಬಿಸಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು.

ಐದರಿಂದ ಐವತ್ತು ಮನೆಗಳ ಗುಂಪಿಗೆ ಇದಕ್ಕಿಂತ ಅಗ್ಗದ್ದು ಇಲ್ಲ. ತಿಂಗಳ ಬಿಲ್ಲು ಸೊನ್ನೆ. ಆದರೆ ಹೊಳೆಯ ತಲೆಯಲ್ಲೇ ಕೈ ಹಾಕುತ್ತೀರಿ ಎನ್ನುವುದನ್ನು ಮರೆಯಬಾರದು. ಏಪ್ರಿಲ್‌ನಲ್ಲಿ ಸೆಕೆಂಡಿಗೆ ಅರ್ಧ ಲೀಟರ್ ಒಸರುವ ಒರತೆಗೆ ಆರು ಮನೆಯವರು ಆರು ಪೈಪು ಇಟ್ಟು, ಟ್ಯಾಂಕು ತುಂಬಿ ಚೆಲ್ಲಿದರೂ ನಲ್ಲಿ ಕಟ್ಟದಿದ್ದರೆ ಕೆಳಗಿನ ತೋಡು ಸತ್ತಂತೆ. ಸಿದ್ದಾಪುರ ಕಡೆಯ ರಾಮಪತ್ರೆ ಜಡ್ಡಿಗಳಂಥ (ಕಾಡಿನೊಳಗಿನ ಜೌಗು) ಜಾಗದಲ್ಲಿ ವರ್ಷವಿಡೀ ಮಣ್ಣು ಒದ್ದೆಯಿದ್ದರೆ ಮಾತ್ರ ಬದುಕುವ ಮರ, ಕಪ್ಪೆಗಳಿವೆ. ಅಲ್ಲಿಂದ ಪೈಪು ಎಳೆಯುವುದು ಬೇಡವೇ ಬೇಡ. ಉಳಿದ ಕಡೆ ಆರು ಪೈಪಿನ ಬದಲು ಒಂದೇ ಪೈಪು, ಎಲ್ಲರಿಗೂ ಸೇರಿ ಒಂದು ಟ್ಯಾಂಕು, ತುಂಬಿದರೆ ತಾನೇ ನಿಲ್ಲುವ ಫ್ಲೋಟ್ ವಾಲ್ವ್. ನೂರಾರು ರೂಪಾಯಿಯ ಆ ವಾಲ್ವ್ ಉಳಿಸುವಷ್ಟು ನೀರನ್ನು ಲಕ್ಷದ ಯೋಜನೆ ಉಳಿಸುವುದಿಲ್ಲ.

ಒರತೆ ಉಳಿಯಬೇಕಾದರೆ ಮೇಲಿನ ಕಾಡು ಉಳಿಯಬೇಕು ಎಂಬುದು ಹಿರಿಯರ ಮಾತಷ್ಟೇ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಪಶ್ಚಿಮ ಘಟ್ಟದ ಹಳ್ಳಗಳನ್ನು ಅಳೆದು, ಜಲಾನಯನದಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ನೈಜ ಕಾಡಿದ್ದ ಕಡೆ ಹಳ್ಳ ವರ್ಷವಿಡೀ ಹರಿಯುವುದನ್ನು ತೋರಿಸಿದೆ. ಅಕೇಶಿಯಾ ನೆಡುತೋಪು ಆ ಲೆಕ್ಕಕ್ಕೆ ಬರುವುದಿಲ್ಲ.

ಬೋರ್‌ವೆಲ್

ಇದರ ಬಗ್ಗೆ ಹೆಚ್ಚು ಹೇಳಲು ನನಗೆ ಉತ್ಸಾಹವಿಲ್ಲ. ಬೇಗ ಆಗುತ್ತದೆ, ಪಂಚಾಯಿತಿ ಮಟ್ಟದಲ್ಲೇ ತೀರ್ಮಾನವಾಗುತ್ತದೆ, ಹೊಳೆಗೆ ಕಣ್ಣಿಗೆ ಕಾಣುವ ತೊಂದರೆ ಇಲ್ಲ. ಅದಕ್ಕೇ ಎಲ್ಲರಿಗೂ ಇಷ್ಟ. ಕರಾವಳಿಯ ಗಟ್ಟಿ ಬಂಡೆಯಲ್ಲಿ ಬಿರುಕು ಸಿಕ್ಕರೆ ನೀರು, ಇಲ್ಲದಿದ್ದರೆ ಧೂಳು. ಸಿಕ್ಕಲ್ಲಿಯೂ ಕಬ್ಬಿಣದ ವಾಸನೆ, ಕಡಲಬದಿಯಲ್ಲಿ ಉಪ್ಪು. ಹೊಳೆಗೆ ಹತ್ತಿರದ ಬೋರು ಬಿರುಕಿನ ಮೂಲಕ ಹೊಳೆಯನ್ನೇ ಎಳೆಯಬಹುದು, ದೂರದ್ದು ಅಕ್ಕಪಕ್ಕದ ತೆರೆದ ಬಾವಿ ಒಣಗಿಸಬಹುದು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದು 1999ರ ರಾಜ್ಯ ಕಾಯ್ದೆ ಹೇಳುತ್ತದೆ. ಪಂಚಾಯಿತಿ ಬೋರಿನ ಪಕ್ಕದಲ್ಲೇ ಖಾಸಗಿ ಬೋರು ಬರುತ್ತಿದ್ದರೆ ಈ ಕಾಯ್ದೆ ತೆಗೆದು ತೋರಿಸಿ. ನನ್ನ ಲೆಕ್ಕದಲ್ಲಿ ಬೋರ್‌ವೆಲ್ ಇರಬೇಕಾದದ್ದು ಏಪ್ರಿಲ್-ಮೇ ತಿಂಗಳ ಆಪದ್ಧನವಾಗಿ. ಉಳಿದ ಹತ್ತು ತಿಂಗಳು ಅದನ್ನು ಮುಟ್ಟದಿದ್ದರೆ ಆ ಎರಡು ತಿಂಗಳು ಕೈ ಹಿಡಿಯುತ್ತದೆ.

ಸೂರಿನ ನೀರು ಮತ್ತು ಮನೆಯ ಬಾವಿ

ಸಾವಿರ ಚದರಡಿ ಹಂಚಿನ ಮಾಡಿಗೆ ಕರಾವಳಿಯ ಮಳೆಯಲ್ಲಿ ವರ್ಷಕ್ಕೆ ಮೂರು ಲಕ್ಷ ಲೀಟರಿಗೂ ಮಿಕ್ಕಿ ಬೀಳುತ್ತದೆ. ಐದು ಜನರ ಮನೆಗೆ ಇಡೀ ವರ್ಷಕ್ಕೆ ಒಂದು ಲಕ್ಷ ಲೀಟರ್ ಸಾಕು. ಹಾಗಾದರೆ ಕೊರತೆ ಎಲ್ಲಿ? ಬೀಳುವುದು ಜೂನಿನಿಂದ ಸೆಪ್ಟೆಂಬರ್, ಬೇಕಾಗುವುದು ಫೆಬ್ರವರಿಯಿಂದ ಮೇ. ಬಾವಿಗೆ ಬಿಡಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಕೊಡುವ ಮುಂಚೆ ಬಾವಿಯ ಗೋಡೆ ನೋಡಬೇಕು. ಮೇಲೆ ಮುರಕಲ್ಲು, ಅದರ ಕೆಳಗೆ ಬಿಳಿ-ಗುಲಾಬಿ ಬಣ್ಣದ ಶೇಡಿ ಮಣ್ಣು ಇದ್ದರೆ, ಮುರಕಲ್ಲಿನ ತೂತುಗಳಲ್ಲಿ ಇಳಿದ ನೀರು ಶೇಡಿಯ ಮೇಲೆ ಜಾರಿ ಇಳಿಜಾರಿನತ್ತ ಹೋಗಿ ಗದ್ದೆಯಂಚಿಗೆ ಹೊರಬರುತ್ತದೆ. ಗುಡ್ಡದ ಮೇಲಿನ ಮನೆಯವರು ಇಂಗಿಸಿದ್ದು ಎರಡು ಮೂರು ತಿಂಗಳಲ್ಲಿ ತಗ್ಗಿನ ಮನೆಯ ಬಾವಿಗೆ. ಊರಿಗೆ ಲಾಭವೇ, ತೋಡಿಗೂ ಲಾಭ. ಆದರೆ ಗುಡ್ಡದ ಮನೆಯವರಿಗೆ ಏಪ್ರಿಲ್‌ನಲ್ಲಿ ಕೊಡ ತುಂಬದು.

ಅವರಿಗೆ ಟ್ಯಾಂಕೇ ಬೇಕು. ಎಲ್ಲ ಬಳಕೆಗೂ ನಾಲ್ಕು ತಿಂಗಳಿಗೆ 33,000 ಲೀಟರ್, ಅದು ದುಬಾರಿ. ಕುಡಿಯಲು, ಅಡುಗೆಗೆ ಮಾತ್ರವಾದರೆ 6,000 ಲೀಟರ್ ಸಾಕು. ಅಷ್ಟು ದೊಡ್ಡ ಟ್ಯಾಂಕು ಮನೆಯವರೇ ಕೊಂಡುಕೊಳ್ಳಬಹುದಾದ್ದು. ಮೊದಲ ಮಳೆಯ ಕೊಳೆ ಹೊರಗೆ ಬಿಟ್ಟು, ಮುಚ್ಚಳ ಭದ್ರ ಇಟ್ಟು, ಬೆಳಕು ಬೀಳದಂತೆ ನೋಡಿಕೊಂಡರೆ ನೀರು ಕೆಡುವುದಿಲ್ಲ. ಹೊಳೆಗೆ ಇದರಿಂದ ತೊಂದರೆ ಏನೂ ಇಲ್ಲ, ಈ ಪಟ್ಟಿಯಲ್ಲಿ ಹಾಗೆ ಹೇಳಬಹುದಾದದ್ದು ಇದೊಂದೇ. ಉಪ್ಪುನೀರಿನ ಅಳಿವೆ ಊರುಗಳಿಗೆ ಇದು ಆಯ್ಕೆಯಲ್ಲ, ಅಗತ್ಯ.

ಬಹುಗ್ರಾಮ ಯೋಜನೆ ಮತ್ತು ಪಟ್ಟಣದ ಲೆಕ್ಕ

ದೂರದ, ನೀರು ಖಾತ್ರಿಯಿರುವ ನದಿಯಿಂದ ಹತ್ತಿಪ್ಪತ್ತು ಊರಿಗೆ ಒಂದೇ ಶುದ್ಧೀಕರಣ ಘಟಕ, ಒಂದೇ ಪೈಪುಜಾಲ. ನೀರಿನ ಗುಣ ಒಳ್ಳೆಯದಿರುತ್ತದೆ, ಊರಿನ ಸಣ್ಣ ತೋಡುಗಳಿಗೆ ಬಿಡುವು ಸಿಗುತ್ತದೆ. ವಾರಾಹಿಯಂಥ ನದಿಯಲ್ಲಿ ಮೇಲೆ ಮಾಣಿ ಅಣೆಕಟ್ಟು, ಭೂಗರ್ಭ ವಿದ್ಯುದಾಗಾರ ಇರುವುದರಿಂದ ವಿದ್ಯುತ್ ಮಾಡಿ ಬಿಟ್ಟ ನೀರು ಬೇಸಿಗೆಯಲ್ಲೂ ಹರಿಯುತ್ತದೆ. ಒಮ್ಮೆ ಕಟ್ಟಿಯಾದ ಅಣೆಕಟ್ಟಿನ ಆ ನೀರನ್ನು ಕುಡಿಯಲು ಬಳಸುವುದು ಹೊಸ ಹೊಳೆಗೆ ಕೈ ಹಾಕುವುದಕ್ಕಿಂತ ಮೇಲು. ಉಡುಪಿ ನಗರ ವಾರಾಹಿಯತ್ತ ನೋಡಿದ್ದು ಸುಮ್ಮನೆ ಅಲ್ಲ. 2019ರ ಮೇಯಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ನೀರು ತಳ ಕಂಡಾಗ ಮೇಲ್ಭಾಗದ ಗುಂಡಿಗಳಲ್ಲಿ ನಿಂತ ನೀರನ್ನೂ ಪಂಪಿಟ್ಟು ಎತ್ತಿ ತರಬೇಕಾಯಿತು. ಬೇಸಿಗೆಯಲ್ಲಿ ಮೀನಿಗೆ ಉಳಿದಿರುವುದು ಅಂಥ ಗುಂಡಿಗಳೇ. ಅದೇ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಕುಡಿಯುವ ಮಂಗಳೂರಿನಲ್ಲೂ ಸರದಿ ಮೇಲೆ ನೀರು ಬಿಟ್ಟರು.

ಇಲ್ಲಿಯೇ ಪಟ್ಟಣದ ಲೆಕ್ಕ ಬೇರೆ ಎಂದದ್ದು. ಇಪ್ಪತ್ತು ಸಾವಿರ ಜನರ ಪಟ್ಟಣಕ್ಕೆ ತಲೆಗೆ 135 ಲೀಟರ್ ಎಂದರೆ ದಿನಕ್ಕೆ 27 ಲಕ್ಷ ಲೀಟರ್, ಸೆಕೆಂಡಿಗೆ 31. ಏಪ್ರಿಲ್‌ನಲ್ಲಿ ಐವತ್ತು ಲೀಟರ್ ಹರಿಯುವ ಹೊಳೆಯಿಂದ ಅಷ್ಟೆತ್ತಿದರೆ ಉಳಿಯುವುದು ಅರ್ಧಕ್ಕೂ ಕಡಿಮೆ. ಹಾಗಾಗಿ ಪಟ್ಟಣಕ್ಕೆ ಕಿಂಡಿ ಅಣೆಕಟ್ಟು ಅಥವಾ ದೊಡ್ಡ ನದಿಯ ಪೈಪು ತಪ್ಪದು. ಅದಕ್ಕೆ ಮುಂಚೆ ಸೋರಿಕೆ ನಿಲ್ಲಿಸುವುದು ಎಲ್ಲಕ್ಕಿಂತ ಅಗ್ಗದ ಹೊಸ ಮೂಲ.

ಹಳ್ಳಿಗೆ ಬಹುಗ್ರಾಮದ ತೊಂದರೆ ಬೇರೆ ಥರ. ಊರು ಪೈಪಿನ ಕೊನೆಯಲ್ಲಿದ್ದರೆ ನೀರು ಬರುವುದೂ ಕೊನೆಗೆ. ಎಲ್ಲೋ ರಸ್ತೆ ಅಗಲ ಮಾಡುವಾಗ ಜೆಸಿಬಿ ಪೈಪು ಕಿತ್ತರೆ ಹತ್ತು ಊರು ಒಣಗುತ್ತವೆ. ಹತ್ತಾರು ಕಿಲೋಮೀಟರ್ ತಳ್ಳುವ ಕರೆಂಟಿನ ಖರ್ಚು ಯಾರೋ ಕೊಡಲೇಬೇಕು. ಮತ್ತೆ, ಪೈಪು ಬಂದ ಮೇಲೆ ಹಳೆಯ ಬಾವಿಗೆ ಕಸ ಸುರಿಯುವುದನ್ನು ತಡೆಯುವವರಿಲ್ಲ. ಎತ್ತಿನಹೊಳೆಯನ್ನೂ ಇದೇ ಸಾಲಿನಲ್ಲಿ ಇಟ್ಟು ನೋಡಬಹುದು: ನೇತ್ರಾವತಿಯ ತಲೆಹೊಳೆಗಳಿಂದ ಬಯಲುಸೀಮೆಗೆ 24.01 ಟಿಎಂಸಿ ಒಯ್ಯುವ ಯೋಜನೆಯ ಅಂದಾಜು 2012ರ 8,323 ಕೋಟಿ ರೂಪಾಯಿಯಿಂದ 23,251 ಕೋಟಿಗೆ ಏರಿತು, ಅಲ್ಲಿ ಸಿಗುವ ನೀರು 9.55 ಟಿಎಂಸಿ ಮಾತ್ರ ಎಂದು ರಾಮಚಂದ್ರ ಅವರ ತಂಡವೇ ಲೆಕ್ಕ ಕೊಟ್ಟಿತು. ಕೋಲಾರದವರ ಬಾಯಾರಿಕೆ ಸುಳ್ಳಲ್ಲ. ಆದರೆ ಹೊಳೆ ಅಳೆಯುವ ಕೆಲಸ ಪೈಪು ಕೊಳ್ಳುವ ಮುಂಚೆ ಆಗಬೇಕಿತ್ತು.

ಹಾಗಾದರೆ ಯಾರಿಗೆ ಯಾವುದು

ಘಟ್ಟದ ಬುಡದ ಐವತ್ತರೊಳಗಿನ ಮನೆಗಳ ಊರಾದರೆ ಒಂದೇ ಪೈಪಿನ ಅಬ್ಬಿ, ಹಂಚಿಕೆಗೆ ಒಂದು ಟ್ಯಾಂಕು. ಒರತೆಯ ಏಪ್ರಿಲ್ ಹರಿವಿನ ಮೂರನೇ ಒಂದಕ್ಕಿಂತ ಹೆಚ್ಚು ಬೇಕಾದರೆ ಉಳಿದದ್ದಕ್ಕೆ ಸೂರಿನ ನೀರು. ಮರಳಿರುವ ಹೊಳೆಯ ದಂಡೆಯಲ್ಲಿ ಮುನ್ನೂರು-ಐನೂರು ಮನೆಗಳಿದ್ದರೆ ಮರಳಬಾವಿ, ಗುಡ್ಡದ ಮೇಲಿನ ಮನೆಗಳಿಗೆ 6,000 ಲೀಟರಿನ ಟ್ಯಾಂಕು, ಆಪತ್ತಿಗೆ ಒಂದು ಬೋರು. ತೋಟವೂ ಒಣಗುತ್ತಿದೆ, ಬಾವಿಗಳೂ ಇಳಿಯುತ್ತಿವೆ ಎಂದರೆ ತೋಡಿಗೆ ಸಾಲು ಕಟ್ಟ; ಜನ ಸೇರದ ಊರಾದರೆ ಕಿಂಡಿ ಅಣೆಕಟ್ಟು. ಕೆಳಗೆ ದೇವರ ಮೀನಿನ ಗುಂಡಿ ಇದ್ದರೆ ಅಣೆಕಟ್ಟಿನ ಜಾಗವನ್ನು ಗುಂಡಿಯಿಂದ ದೂರ, ಬೇರೆ ತೋಡಿಗೆ ಸರಿಸಿ. ಅಳಿವೆಯ ಉಪ್ಪು ಊರಿಗೆ ಸೂರಿನ ನೀರು ಜೊತೆಗೆ ಬಹುಗ್ರಾಮದ ಪೈಪು.

ದುಡ್ಡೇ ಇಲ್ಲದ ಪಂಚಾಯಿತಿಯವರು ಮಾಡಬಹುದಾದ್ದು ಒಂದು ರಾತ್ರಿಯ ಪರೀಕ್ಷೆ. ರಾತ್ರಿ ಹತ್ತಕ್ಕೆ ಎಲ್ಲ ಮನೆಗಳ ನಲ್ಲಿ ಕಟ್ಟಲು ಹೇಳಿ, ಪಂಪು ನಿಲ್ಲಿಸಿ, ಟ್ಯಾಂಕಿನೊಳಗಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ಐದಕ್ಕೆ ಮತ್ತೆ ಏಣಿ ಹತ್ತಿ ನೋಡಿ. ಐವತ್ತು ಸಾವಿರ ಲೀಟರಿನ, ಮೂರು ಮೀಟರ್ ಆಳದ ಟ್ಯಾಂಕಿನಲ್ಲಿ ಹತ್ತು ಸೆಂಟಿಮೀಟರ್ ಇಳಿದಿದ್ದರೆ ಸುಮಾರು 1,700 ಲೀಟರ್ ಎಲ್ಲೋ ಹೋಗಿದೆ. ಅರ್ಧ ಮೀಟರ್ ಇಳಿದಿದ್ದರೆ ಹೊಸ ಯೋಜನೆಯ ಅರ್ಜಿ ಬದಿಗಿಟ್ಟು ಪ್ಲಂಬರನ್ನು ಕರೆಯಿರಿ.

ಯಾವುದನ್ನೇ ಆರಿಸಿದರೂ ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಕೆಲವು ಸಾಲು ಬರೆಸಿಕೊಳ್ಳಿ: ಹಲಗೆ ಇಳಿಸುವ ಮತ್ತು ತೆಗೆಯುವ ದಿನಾಂಕ, ಅದನ್ನು ಇಡುವ ಶೆಡ್ಡಿನ ಕೀಲಿ ಯಾರ ಬಳಿ, ಮಾರ್ಚಿನ ನಂತರ ಹೊಳೆಯಿಂದ ತೋಟಕ್ಕೆ ಪಂಪು ಓಡುವ ದಿನಗಳ ಸರದಿ, ಜಾಕ್‌ವೆಲ್‌ನ ಮೇಲೂ ಕೆಳಗೂ ಮರಳು ಎತ್ತಬಾರದ ದೂರ, ನೀರುಗಂಟಿಯ ಸಂಬಳ ಯಾವ ಖಾತೆಯಿಂದ. ಏಪ್ರಿಲ್ ಕೊನೆಯ ವಾರ ತೆಂಗಿನಕಾಯಿ ತೇಲಿಸಿ ಅಳೆದ ಲೆಕ್ಕವನ್ನೂ ಅದೇ ಪುಟದಲ್ಲಿ ಬರೆದಿಡಿ. ಮುಂದಿನ ವರ್ಷ ಅರ್ಜಿ ಹಿಡಿದು ತಾಲೂಕು ಕಚೇರಿಗೆ ಹೋಗುವಾಗ ಕೈಯಲ್ಲಿ ಹೊಳೆಯ ಲೆಕ್ಕ ಇರುತ್ತದೆ.